ಬೀಗ ಹಾಕಿದರೆ ದಾರಿ ಅಗಲವಾಗದು

ಜೊಯಿಡಾದ ಕುಣಬಿಗಳ ಹಾಡು, ಮಾತು ಧ್ವನಿಮುದ್ರಿಸುವವರಿಗೆ ‘ಎಲ್ಲ ಕ್ಲೌಡಿಗೆ ಹಾಕಿ, ವಿಪಿಎನ್ ಇದೆಯಲ್ಲ’ ಎಂದು ಉಪದೇಶಿಸುವವರು ಆ ಮಾತನ್ನು ಅಣಶಿಯಲ್ಲಿ ಕೂತು ಹೇಳಲಿ. ವಿಪಿಎನ್ ದಾರಿಗೆ ಬೀಗ ಹಾಕುತ್ತದೆ, ದಾರಿಯನ್ನು ಅಗಲ ಮಾಡುವುದಿಲ್ಲ. ಸೆಕೆಂಡಿಗೆ 1 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೆ, ಸಿಗ್ನಲ್ ಒಮ್ಮೆಯೂ ತಪ್ಪದಿದ್ದರೂ, 100 ಗಿಗಾಬೈಟ್ ಕಳಿಸಲು 9 ದಿನ ದಾಟುತ್ತದೆ. ಅಷ್ಟು ದಿನ ಸಿಡಿಲು ಸುಮ್ಮನಿರುತ್ತದೆಯೇ?

ಮೊದಲ ಪೂರ್ಣ ಪ್ರತಿಯನ್ನು ಪಾಸ್‌ವರ್ಡ್ ಭದ್ರತೆಯ ಹಾರ್ಡ್ ಡಿಸ್ಕಿಗಿಳಿಸಿ, ಬಸ್ಸಿನಲ್ಲಿ ಕಾರವಾರಕ್ಕೆ ಒಯ್ದು, ಅಲ್ಲಿಂದ ಏರಿಸಿ. ಆಮೇಲೆ ಹೊಸದಾಗಿ ಸೇರಿದ್ದು, ಬದಲಾದದ್ದು ಮಾತ್ರ ವಿಪಿಎನ್ ಮೂಲಕ ಹೋಗಲಿ. ಡಿಸ್ಕನ್ನೂ ಅಳಿಸಬೇಡಿ, ಕಾರವಾರದಲ್ಲೇ ಇರಲಿ.

ಇದೇ ತಾಲೂಕಿನ ಹಳೇ ಸೂಪಾ ಅಣೆಕಟ್ಟಿನ ನೀರಿನಡಿ ಹೋಯಿತು. ಊರಿಗೆ ಇನ್ನೊಂದು ಪ್ರತಿ ಇರಲಿಲ್ಲ. ಹಾಡಿಗಾದರೂ ಇರಲಿ.