ಒಂದು ಕೊರಳಿಗೆ ಆರು ಪೆಟ್ಟಿಗೆ

ಮಾತೂ ತನ್ನದು, ಮಟ್ಟೂ ತನ್ನದು, ಕೊರಳೂ ತನ್ನದು. ಇಂಥವನನ್ನು ನಮ್ಮವರು ವಾಗ್ಗೇಯಕಾರನೆಂದು ಕರೆದರು. ಅವನು ಎದುರಿಗೆ ಕುಳಿತು ಹಾಡುತ್ತಾನೆ. ನಾವು ಎದುರಿಗೆ ಕುಳಿತು ಕೇಳುತ್ತೇವೆ. ಈಗಿನ ಯಂತ್ರನಿಪುಣರಿಗೆ ಇಷ್ಟು ಸಾಲದು. ಕೇಳುವವನನ್ನು ನಟ್ಟನಡುವೆ ಕೂರಿಸಿ, ಮುಂದೆ ಮೂರು ಸ್ಪೀಕರು, ಹಿಂಬದಿಯ ಇಕ್ಕೆಲಗಳಲ್ಲಿ ಎರಡು, ಮಂದ್ರದ ಗುಡುಗಿಗೆ ಇನ್ನೊಂದು, ಹೀಗೆ ಆರು ಪೆಟ್ಟಿಗೆಗಳಿಂದ ಮುತ್ತಿಗೆ ಹಾಕಬೇಕು. ಇದರ ಹೆಸರು ಸರೌಂಡ್ ಸೌಂಡ್.

ಕೆನಡಾದ ನೀಲ್ ಯಂಗ್ 1972ರಲ್ಲಿ ಹೊರತಂದ ‘ಹಾರ್ವೆಸ್ಟ್’ 2002ರಲ್ಲಿ ಡಿವಿಡಿ-ಆಡಿಯೋ ತಟ್ಟೆಯಾಗಿ ಈ ರೂಪ ತಾಳಿತು. ಅದರ ಎರಡು ಹಾಡುಗಳಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಮೇಳವಿದೆ. ಅಷ್ಟು ದೊಡ್ಡ ವಾದ್ಯವೃಂದಕ್ಕೆ ಹರಡಿಕೊಳ್ಳಲು ಜಾಗ ಕೊಟ್ಟರೆ ನನ್ನ ತಕರಾರಿಲ್ಲ. ಆದರೆ ಅದೇ ತಟ್ಟೆಯಲ್ಲಿ ‘ದ ನೀಡ್ಲ್ ಆ್ಯಂಡ್ ದ ಡ್ಯಾಮೇಜ್ ಡನ್’ ಎಂಬ ಹಾಡೂ ಇದೆ. ಹೆರಾಯಿನ್ ಚಟಕ್ಕೆ ಬಲಿಬಿದ್ದವರನ್ನು ಕುರಿತು 1971ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ರಾಯ್ಸ್ ಹಾಲ್‌ನಲ್ಲಿ ಅವನು ಒಬ್ಬನೇ ಹಾಡಿದ್ದು. ಒಂದು ಗಿಟಾರು, ಒಂದು ಕೊರಳು, ಸುಮಾರು ಎರಡು ನಿಮಿಷ. ದುಃಖ ಹೇಳಿಕೊಳ್ಳುವವನು ನಮ್ಮ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆಯೆ? ಇಂಥ ಹಾಡಿನಲ್ಲಿ ಹಿಂಬದಿಯ ಪೆಟ್ಟಿಗೆಗಳು ಸಭೆಯ ಉಸಿರನ್ನಷ್ಟೆ ಕೊಟ್ಟು ಬಾಯಿ ಮುಚ್ಚಿಕೊಂಡಿರುವುದೇ ವಿವೇಕ.

“ಸ್ಟೀರಿಯೋ ಮಾತ್ರ ಸಹಜವೋ?” ಎಂದು ಕೇಳುವವರುಂಟು. ಅದೂ ಕೃತಕವೇ, ಒಪ್ಪುತ್ತೇನೆ. ಎರಡು ಪೆಟ್ಟಿಗೆಗಳ ನಡುವೆ ಕೇಳಿಸುವ ಕೊರಳು ಬರಿಯ ಭ್ರಮೆ. ಆರರ ಏರ್ಪಾಟಿನಲ್ಲಿ ಮಧ್ಯದ ಪೆಟ್ಟಿಗೆಯೊಂದು ಅದಕ್ಕೆ ನಿಜವಾದ ನೆಲೆ ಕೊಡಬಲ್ಲುದು. ಆ ಉಪಕಾರವನ್ನು ಸ್ವೀಕರಿಸೋಣ. ಆದರೆ ಪೆಟ್ಟಿಗೆ ಇದೆಯೆಂಬ ಒಂದೇ ಕಾರಣಕ್ಕೆ ಅದನ್ನು ಮಾತನಾಡಿಸಲೇಬೇಕೆಂಬ ಹಟ ಬೇಡ.

ಈ ಹಟಕ್ಕೆ ಈಗ ಹಣವೂ ಸೇರಿದೆ. ಸುತ್ತುವರಿಯುವ ಧ್ವನಿಯಲ್ಲೂ ದೊರೆಯುವ ಹಾಡುಗಳಿಗೆ ರಾಯಲ್ಟಿಯ ಲೆಕ್ಕದಲ್ಲಿ ಶೇಕಡ 10ರವರೆಗೆ ಹೆಚ್ಚು ತೂಕ ಕೊಡುವುದಾಗಿ ಆಪಲ್ ಮ್ಯೂಸಿಕ್ 2024ರ ಜನವರಿಯಲ್ಲಿ ಸಾರಿತು. ಕೇಳುಗನು ಆ ರೂಪದಲ್ಲಿ ಕೇಳಲೇಬೇಕೆಂದಿಲ್ಲ; ಹಾಡು ಹಾಗೆ ಸಿದ್ಧವಿದ್ದರೆ ಸಾಕು! ಒಂದೇ ಗಂಟನ್ನು ಹಂಚುವಾಗ ಒಬ್ಬನ ಪಾಲು ಹಿಗ್ಗಿದರೆ ಇನ್ನೊಬ್ಬನದು ಕುಗ್ಗಲೇಬೇಕು. ಕುಗ್ಗುವುದು ಯಾರದು? ‘ನನ್ನ ಗಿಟಾರಿಗೂ ನನ್ನ ಕೊರಳಿಗೂ ಎರಡು ಪೆಟ್ಟಿಗೆ ಸಾಕು’ ಎಂದವನದು.

ಹಾಡಿಗೆ ಎಷ್ಟು ದಿಕ್ಕು ಬೇಕೆಂಬುದನ್ನು ಹಾಡು ಕಟ್ಟಿದವನು ಹೇಳಲಿ, ಅಂಗಡಿಯವನಲ್ಲ.