ನಮ್ಮ ಶಾಲೆಗೆ ಇನ್ನೊಂದು ಬಾಟಲಿ ಬೇಡ

ಹೋದ ವರ್ಷ ಜೂನ್‌ನಲ್ಲಿ ನಮ್ಮ ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆಲ್ಲ ಸ್ಟೀಲ್ ಬಾಟಲಿ ಹಂಚಿದರು. ಶಾಮಿಯಾನ, ಹಾರ, ನಾಡಗೀತೆ ಎಲ್ಲ ಇತ್ತು. ದಾನಿಗಳು ಬೆಂಗಳೂರಿನಿಂದ ಎರಡು ಕಾರಿನಲ್ಲಿ ಬಂದಿದ್ದರು. ನೀಲಿ ಬಣ್ಣದ ಬಾಟಲಿ, ಅದರ ಮೈಮೇಲೆ ಸಂಸ್ಥೆಯ ಲಾಂಛನ, ಲಾಂಛನದ ಕೆಳಗೆ ‘ಜಲವೇ ಜೀವ’. ಮಕ್ಕಳು ಬಾಟಲಿ ಎತ್ತಿ ಹಿಡಿದರು, ಫೋಟೋ ಆಯಿತು. ಉಪ್ಪಿಟ್ಟು, ಕೇಸರಿಬಾತ್ ಆಯಿತು. ಕಾರುಗಳು ಧೂಳೆಬ್ಬಿಸಿಕೊಂಡು ಹೋದ ಮೇಲೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಬಂದು ಕೇಳಿದ: “ಮೇಡಂ, ಇದಕ್ಕೆ ನೀರು ಎಲ್ಲಿ ತುಂಬಿಸ್ಕಬೇಕು?”

ಅವನು ತಲೆಹರಟೆ ಮಾಡುತ್ತಿರಲಿಲ್ಲ. ನಮ್ಮ ಶಾಲೆಯ ಫಿಲ್ಟರ್ ಕೆಟ್ಟು ಆಗ ಎರಡು ತಿಂಗಳಾಗಿತ್ತು. ಟ್ಯಾಂಕಿಗೆ ಬರುವುದು ಕೊಳವೆಬಾವಿಯ ನೀರು. ತುಮಕೂರು ಜಿಲ್ಲೆಯ ಈ ತುದಿಯಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡಿರುವ ನಮ್ಮ ಕಡೆ, ಕೊಳವೆಬಾವಿ ಎಂದರೆ ಫ್ಲೋರೈಡ್. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದರೆ 1.5 ಮಿಲಿಗ್ರಾಂ ಇರಬಹುದು ಎಂದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಆ ಮಾನದಂಡವನ್ನು ಹಳೆಯ ಬೋರ್‌ವೆಲ್‌ಗಳು ಓದಿಲ್ಲ. ನನ್ನ ಕ್ಲಾಸಿನ ಮಕ್ಕಳ ಹಲ್ಲಿನ ಕಂದು ಕಲೆಗಳೇ ನಮಗೆ ಲ್ಯಾಬ್ ರಿಪೋರ್ಟು. ಈ ನೀರನ್ನು ಸ್ಟೀಲ್ ಬಾಟಲಿಗೆ ಹಾಕಿದರೂ ಫ್ಲೋರೈಡ್ ಹೋಗುವುದಿಲ್ಲ, ತಾಮ್ರದ್ದಕ್ಕೆ ಹಾಕಿದರೂ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಇದನ್ನೇ ಪಾಠ ಮಾಡುವ ವಿಜ್ಞಾನದ ಮೇಷ್ಟರು ನಾನು. ಆ ದಿನ ವೇದಿಕೆಯ ಮೇಲೆ ಸುಮ್ಮನೆ ಕೂತು ಚಪ್ಪಾಳೆ ತಟ್ಟಿದವಳೂ ನಾನೇ.

ನನಗೆ ಬಾಟಲಿಯ ಮೇಲೆ ದ್ವೇಷವಿಲ್ಲ. ನಾನು ಪಾತ್ರೆ ಅಂಗಡಿಯ ಮಗಳು. ಸ್ಟೀಲನ್ನು ತೂಕಕ್ಕೆ ಹಾಕಿ ಮಾರುತ್ತಿದ್ದ ಕಾಲದಲ್ಲಿ ಬೆಳೆದವಳು. ಮದುವೆಗೆ ಕೊಡುವ ಬಿಂದಿಗೆ, ತಟ್ಟೆ, ಚೊಂಬುಗಳ ಮೇಲೆ ಅಪ್ಪ ಕಿರ್ರೆನ್ನುವ ಮಿಷನ್ನಿನಲ್ಲಿ ಹೆಸರು ಕೊರೆಯುತ್ತಿದ್ದರು; ಹೆಣ್ಣು ಗಂಡಿನ ಹೆಸರಿಗಿಂತ ಕೊಟ್ಟವರ ಹೆಸರು ದಪ್ಪಗಿರಬೇಕೆಂದು ಜಗಳ ಮಾಡುವವರೂ ಇದ್ದರು. ಹಾಗಾಗಿ ಲಾಂಛನ ನನಗೆ ಹೊಸದಲ್ಲ. ಆದರೆ ಪಾತ್ರೆ ಕೈಗೆ ಬಂದಾಗ ಬುಡ ತಿರುಗಿಸಿ ನೋಡುವ ಅಭ್ಯಾಸ ಹೋಗಿಲ್ಲ. ನೋಡಿದೆ. ಯಾವ ದರ್ಜೆಯ ಉಕ್ಕು ಎಂಬುದಿಲ್ಲ. ನೀರಿನ ಬಾಟಲಿಗೂ ಐಎಸ್‌ಐ ಗುರುತಿನ ನಿಯಮ ಬಂದಿದೆ, ಆ ಗುರುತೂ ಇಲ್ಲ.

ಅಪ್ಪನ ಗಲ್ಲಾಪೆಟ್ಟಿಗೆಯಲ್ಲಿ ಒಂದು ಅಯಸ್ಕಾಂತ ಇರುತ್ತಿತ್ತು. “ಅಂಟಲಿಲ್ಲ ನೋಡಿ ತಾಯಿ, ಅಸಲಿ ಮಾಲು” ಎಂದು ಗಿರಾಕಿಗೆ ತೋರಿಸುತ್ತಿದ್ದರು. ಅದು ಅರ್ಧ ಸತ್ಯ ಎಂದು ನನಗೆ ತಿಳಿದದ್ದು ಬಿಎಸ್ಸಿ ಓದುವಾಗ. ಒಳ್ಳೆಯದೆನ್ನುವ 304ರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಅಗ್ಗದ 202ರಲ್ಲಿ ದುಬಾರಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ! ಅಸಲಿ 304ನ್ನೇ ಒತ್ತಿ, ಎಳೆದು ಬಾಟಲಿ ಮಾಡಿದಾಗ ಬಾಗಿದ ಜಾಗದಲ್ಲಿ ಒಂದಿಷ್ಟು ಅಂಟುವುದೂ ಉಂಟು. ಆದ್ದರಿಂದ ಬಾಟಲಿ ಕೊಳ್ಳುವವರು ಅಯಸ್ಕಾಂತ ಮನೆಯಲ್ಲಿ ಬಿಟ್ಟು ಹೋಗಿ. ಬುಡದಲ್ಲಿ ದರ್ಜೆ, ಗುರುತು ಇದೆಯೇ ನೋಡಿ, ಬಿಲ್ ಕೇಳಿ. ಆಮೇಲೆ ಮುಚ್ಚಳ ತೆಗೆದು ನಾಲ್ಕು ಬೆರಳು ಒಳಗೆ ಹೋಗುತ್ತವೆಯೇ ನೋಡಿ. ಕೈಯೋ ಬ್ರಷ್ಷೋ ಹೋಗದ ಬಾಟಲಿಯನ್ನು ನೀವು ತೊಳೆಯುವುದಿಲ್ಲ, ಕುಲುಕುತ್ತೀರಿ ಅಷ್ಟೆ. ಮುಚ್ಚಳದೊಳಗಿನ ರಬ್ಬರ್ ಉಂಗುರ ಕೈಗೆ ಬಿಡಿಸಿಕೊಂಡು ಬರಬೇಕು. ವಾಸನೆ ಹುಟ್ಟುವುದು ಉಕ್ಕಿನಲ್ಲಲ್ಲ, ಆ ಉಂಗುರದ ಸಂದಿಯಲ್ಲಿ. ಮಜ್ಜಿಗೆ, ನಿಂಬೆ ಪಾನಕ ಹಾಕಿ ಮರೆತರೆ ದೇವರೇ ಗತಿ. ನಮ್ಮ ಗಡಸು ನೀರಿಗೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಹುಣಿಸೆ ನೀರು ಹಾಕಿಟ್ಟರೆ ಬಿಡುತ್ತದೆ. ರಾತ್ರಿ ಮುಚ್ಚಳ ತೆಗೆದು ಬೋರಲು ಹಾಕಿ.

ಎರಡು ಗೋಡೆಯ, ನಡುವೆ ಗಾಳಿ ತೆಗೆದ ಬಾಟಲಿ ಬೇಕೆ? ಆಫೀಸಿಗೆ ಹೋಗುವವರಿಗೆ ಸರಿ. ಪುಸ್ತಕದ ಚೀಲ ಹೊತ್ತು ಮೂರು ಕಿಲೋಮೀಟರ್ ನಡೆಯುವ ಮಗುವಿಗೆ ಆ ಭಾರ ಯಾಕೆ? ಒಂದೇ ಗೋಡೆಯದು ಸಾಕು. ನಮ್ಮಜ್ಜಿ ರೈಲಿಗೆ ಹೊರಟರೆ ತಿರುಪಿನ ಮುಚ್ಚಳದ ಕೂಜಕ್ಕೆ ಒದ್ದೆ ಬಟ್ಟೆ ಸುತ್ತುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದವರು ಯಾರೂ ಆ ಬಾಟಲಿಗಳನ್ನು ಆರಿಸಿರಲಿಲ್ಲ. ನಾಲ್ಕೇ ವಾರಕ್ಕೆ ಕೊರಳಿನ ಬೆಸುಗೆಯಲ್ಲಿ ಕೆಂಪು ತುಕ್ಕು ಬಂತು. ದೀಪಾವಳಿ ಹೊತ್ತಿಗೆ ಕ್ಲಾಸಿನಲ್ಲಿ ಕಾಣುತ್ತಿದ್ದದ್ದು ಮತ್ತೆ ಹಳೆಯ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಗಳೇ.

ನಮ್ಮ ಮನೆಯ ಬೀರುವಿನಲ್ಲಿ ಇವತ್ತು 11 ಸ್ಟೀಲ್ ಬಾಟಲಿಗಳಿವೆ. ನಾನು ಕೊಂಡದ್ದು ಒಂದು. ಉಳಿದವು ಗೃಹಪ್ರವೇಶ, ನಾಮಕರಣ, ನಿವೃತ್ತಿ, ತರಬೇತಿ ಶಿಬಿರಗಳಲ್ಲಿ ಬಂದವು. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧವಾದ ಮೇಲೆ ಪರಿಸರಪ್ರೇಮ ತೋರಿಸಲು ಇದಕ್ಕಿಂತ ಸಲೀಸಾದ ಉಡುಗೊರೆ ಇನ್ನೊಂದಿಲ್ಲವಾಯಿತು. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದರಲ್ಲ, ಆ ಪಟ್ಟಿಯಲ್ಲಿ ಸ್ಟ್ರಾ ಇತ್ತು, ಕಿವಿಯ ಹತ್ತಿಕಡ್ಡಿ ಇತ್ತು, ನೀರಿನ ಬಾಟಲಿ ಇರಲಿಲ್ಲ. ಅದೇ ಸಮಾರಂಭಗಳಲ್ಲಿ ಊಟದ ಎಲೆಯ ಪಕ್ಕ ಕಾಲು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಹೊರಡುವಾಗ ಕೈಗೆ ಸ್ಟೀಲ್ ಬಾಟಲಿ. ಅದಿರು ಅಗೆದು, ಕರಗಿಸಿ, ನಿಕಲ್ ಬೆರೆಸಿ ಮಾಡಿದ ಪಾತ್ರೆ ಅದು. ಒಂದನ್ನು ಹತ್ತು ವರ್ಷ ಬಳಸಿದರೆ ಅದಕ್ಕೊಂದು ಅರ್ಥ. ಹತ್ತನ್ನು ಬೀರುವಿನಲ್ಲಿಟ್ಟರೆ?

ಬಾಟಲಿಗೆ ವಿರುದ್ಧವಾಗಿ ಮಾತಾಡುವವರು ಸಾಮಾನ್ಯವಾಗಿ ಅರವಟ್ಟಿಗೆಯನ್ನು ನೆನೆದು ಕಣ್ಣೀರು ಹಾಕುತ್ತಾರೆ. ನನ್ನಿಂದ ಅದಾಗದು. ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ಮೂಲೆಯಲ್ಲೊಂದು ಮಡಕೆ, ಮೇಲೊಂದು ಲೋಟ. ಕೆಲವರು ಲೋಟ ಅದ್ದಿ ಕುಡಿಯುತ್ತಿದ್ದೆವು. ಕೆಲವರು ಬೊಗಸೆ ಒಡ್ಡಿ ನಿಲ್ಲಬೇಕಿತ್ತು; ನಮ್ಮಲ್ಲೊಬ್ಬರು ಎತ್ತರದಿಂದ ಹೊಯ್ಯಬೇಕಿತ್ತು. ಹಾಗೆ ಹೊಯ್ದವರಲ್ಲಿ ನಾನೂ ಒಬ್ಬಳು, ಅಂಗಿ ತೊಯ್ದವರನ್ನು ನೋಡಿ ನಕ್ಕವಳೂ ಹೌದು. ಶಾಲೆಯ ಜವಾನ ಬಾರದ ದಿನ ನೀರೇ ಇಲ್ಲದೆ ಕಳೆದದ್ದನ್ನು ಅಂಬೇಡ್ಕರ್ ಬರೆದಿದ್ದಾರೆ. 1927ರಲ್ಲಿ ಮಹಾಡ್‌ನ ಚವದಾರ್ ಕೆರೆಗೆ ಅವರು ಇಳಿದದ್ದೂ ಒಂದು ಬೊಗಸೆ ನೀರಿಗೇ. ತನ್ನದೇ ಬಾಟಲಿ ಹಿಡಿದ ಮಗು ಯಾರ ಮುಂದೆಯೂ ಬೊಗಸೆ ಒಡ್ಡಬೇಕಿಲ್ಲ. ಇದು ಸಣ್ಣ ಮಾತಲ್ಲ, ಬಾಟಲಿಯ ಪರವಾಗಿ ಇರುವ ಅತಿ ಗಟ್ಟಿಯಾದ ಮಾತು ಇದೇ. ಹಾಗೆಂದು ಅವರವರ ಬಾಟಲಿ ಅವರವರಿಗೆ ಎಂದು ಬಿಟ್ಟುಬಿಟ್ಟರೆ, ಎಲ್ಲರೂ ಒಂದೇ ನಲ್ಲಿಗೆ ಬಾಯಿಡುವ ದಿನವನ್ನು ನಾವು ದಾಟಿಹೋದೆವೋ ತಪ್ಪಿಸಿಕೊಂಡೆವೋ? ನಮ್ಮ ಶಾಲೆಯಲ್ಲಿ ಈಗಲೂ ಯಾರು ಯಾರ ಬಾಟಲಿಯಿಂದ ಕುಡಿಯುವುದಿಲ್ಲ ಎಂಬುದು ನನಗೆ ಗೊತ್ತಿದೆ.

ಇನ್ನು ವಾಟರ್ ಬೆಲ್. ಮಕ್ಕಳು ನೀರು ಕುಡಿಯಲೆಂದೇ ಗಂಟೆ ಹೊಡೆಯುವ ಈ ಪದ್ಧತಿ 2019ರಲ್ಲಿ ಕೇರಳದಿಂದ ನಮ್ಮಲ್ಲಿಗೂ ಬಂತು. ಒಳ್ಳೆಯದೇ. ಗಂಟೆ ಹೊಡೆದಾಗ ಹುಡುಗರು ಗಟಗಟ ಕುಡಿಯುತ್ತಾರೆ. ಹತ್ತನೇ ಕ್ಲಾಸಿನ ಹುಡುಗಿಯರು ಬಾಟಲಿ ತುಟಿಗಿಟ್ಟು ಇಳಿಸುತ್ತಾರೆ. ಸಂಜೆ ಹೋಗುವಾಗ ಬಾಟಲಿ ತುಂಬಿದ ಹಾಗೇ ಇರುತ್ತದೆ. ಒಬ್ಬಳನ್ನು ಕರೆದು ಗದರಿದೆ. ಅವಳು ನೆಲ ನೋಡಿಕೊಂಡು ಹೇಳಿದಳು: “ಕುಡಿದ್ರೆ ಹೋಗ್ಬೇಕಾಗುತ್ತೆ ಮೇಡಂ. ಚಿಲಕ ಇಲ್ವಲ್ಲ.”

ಹುಡುಗಿಯರ ಶೌಚಾಲಯಕ್ಕೆ ಬಾಗಿಲಿತ್ತು, ಒಳಚಿಲಕ ಮುರಿದಿತ್ತು. ಒಳಗಿನ ನಲ್ಲಿಯಲ್ಲಿ ನೀರಿರಲಿಲ್ಲ. ನಾನು ಶಿಕ್ಷಕರ ಶೌಚಾಲಯಕ್ಕೆ ಹೋಗುವವಳು, ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ಒಣಗಿದ ಬಾಯಲ್ಲಿ ಕೂತು ಉರಿಮೂತ್ರ ತಂದುಕೊಳ್ಳುವ ಮಕ್ಕಳ ಕೈಗೆ ನಾವು ‘ಜಲವೇ ಜೀವ’ ಕೊಟ್ಟಿದ್ದೆವು. ಚಿಲಕಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ 90 ರೂಪಾಯಿ. ಮರುದಿನ ತಂದು ಹಾಕಿಸಿದೆ. ನಲ್ಲಿಗೆ ಪೈಪ್ ಎಳೆಯುವುದು ನನ್ನ ಸಂಬಳದಲ್ಲಿ ಆಗುವ ಮಾತಲ್ಲ.

ದಾನಿಗಳ ಪ್ರತಿನಿಧಿಗೆ ಫೋನ್ ಮಾಡಿ, ಮುಂದಿನ ಸಲ ಫಿಲ್ಟರ್ ರಿಪೇರಿ ಮಾಡಿಸಿಕೊಡಿ ಎಂದೆ. “ಮೇಡಂ, ಅದು ಮೆಂಟೆನೆನ್ಸ್ ಅಡಿ ಬರುತ್ತೆ. ನಮ್ಮಲ್ಲಿ ಫಲಾನುಭವಿಗಳ ಸಂಖ್ಯೆ ತೋರಿಸ್ಬೇಕು” ಎಂದರು, ಬಹಳ ಮರ್ಯಾದೆಯಿಂದ. ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆದು ಬರೆದು ಅರ್ಧ ಬೆಳಕೇ ಹೋಗಿದೆ. ನಲ್ಲಿಯ ಗೋಡೆಗೂ ಹೆಸರು ಬರೆಸಲಿ, ಎಷ್ಟು ದಪ್ಪ ಅಕ್ಷರದಲ್ಲಾದರೂ ಬರೆಸಲಿ, ನನ್ನದೇನೂ ತಕರಾರಿಲ್ಲ. ತೊಂದರೆ ಏನೆಂದರೆ ನಲ್ಲಿ ಕೆಟ್ಟ ದಿನ ಆ ಹೆಸರನ್ನು ಜನ ಓದುತ್ತಾರೆ. ಬಾಟಲಿ ತುಕ್ಕು ಹಿಡಿದರೆ ಅದು ಮಗು ಸರಿಯಾಗಿ ಇಟ್ಟುಕೊಳ್ಳದ ತಪ್ಪು.

ಈ ವರ್ಷವೂ ಪತ್ರ ಬಂದಿದೆ. ಈ ಸಲ ಎರಡು ಗೋಡೆಯ, ಆರು ಗಂಟೆ ತಂಪಾಗಿಡುವ ಬಾಟಲಿಯಂತೆ. ಕೃತಜ್ಞತಾ ಪತ್ರ ಸಿದ್ಧಮಾಡಿ ಎಂದು ಮುಖ್ಯೋಪಾಧ್ಯಾಯರು ನನಗೇ ಒಪ್ಪಿಸಿದರು. ನಾನು ಬರೆದೆ: ಬಾಟಲಿ ಬೇಡ. ಫಿಲ್ಟರಿಗೆ ಹೊಸ ಪೊರೆ ಮತ್ತು ಎರಡು ವರ್ಷದ ರಿಪೇರಿ ಕರಾರು, ಹೊರಗೋಡೆಗೆ ಆರು ನಲ್ಲಿ, ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪು. ಅವರು ಓದಿ ಕನ್ನಡಕ ತೆಗೆದು, “ಹೀಗೆ ಬರೆದ್ರೆ ಅದೂ ಕೊಡಲ್ಲಮ್ಮ” ಎಂದರು. ಸಹಿ ಹಾಕಲಿಲ್ಲ, ಹರಿಯಲೂ ಇಲ್ಲ. ಕಾಗದ ಅವರ ಮೇಜಿನ ಗಾಜಿನ ಕೆಳಗಿದೆ.