‘ಅಯ್ಯನ ಮನೆ’ಯಲ್ಲಿ ಅಯ್ಯನೆಲ್ಲಿ?



2025ರ ಏಪ್ರಿಲ್ 25ರಂದು ಜೀ5 ವೇದಿಕೆಯಲ್ಲಿ ‘ಅಯ್ಯನ ಮನೆ’ ಎಂಬ ಕನ್ನಡ ಸರಣಿಯೊಂದು ಬಿಡುಗಡೆಯಾಯಿತು. ನಿರ್ಮಾಣ ಶ್ರುತಿ ನಾಯ್ಡು ಅವರದು, ನಿರ್ದೇಶನ ರಮೇಶ್ ಇಂದಿರಾ ಅವರದು. ವರ್ಷಗಟ್ಟಲೆ ಎಳೆದು, ಕಥೆಯೇ ಮರೆತುಹೋದ ಮೇಲೂ ಮುಗಿಯದ ಧಾರಾವಾಹಿಗಳ ನಡುವೆ ಇದು ಏಳೇ ಕಂತುಗಳ ಅಲ್ಪಾಯುಷಿ. ಒಂದು ಸಂಜೆ ಕುಳಿತರೆ ನೋಡಿ ಮುಗಿಸಬಹುದು. ಕಥೆ ನಡೆಯುವುದು 1990ರ ದಶಕದ ಚಿಕ್ಕಮಗಳೂರು ಸೀಮೆಯಲ್ಲಿ. ತಮ್ಮೂರ ಹೆಸರು ಕೇಳಿದೊಡನೆ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಭಕ್ತರಲ್ಲಿ ಅನೇಕರು ಇದನ್ನು ಕುತೂಹಲದಿಂದ ನೋಡಿರುವುದು ಸಹಜ. ನೋಡಿದವರ ಮನಸ್ಸಿನಲ್ಲಿ ಅದು ಏನನ್ನು ಉಳಿಸಿತು ಎಂಬುದನ್ನು ವಚನಗಳ ಬೆಳಕಿನಲ್ಲಿ ವಿಚಾರಿಸುವುದಷ್ಟೇ ಈ ಬರಹದ ಉದ್ದೇಶ. ಅಭಿನಯ, ಛಾಯಾಗ್ರಹಣ, ಸಂಗೀತಗಳ ಗುಣದೋಷ ಎಣಿಸುವ ಕೆಲಸ ಬಲ್ಲವರದು. ಅದು ಅವರಿಗೇ ಇರಲಿ.

ಕಥೆಯ ಬೀಜ ಇಷ್ಟು. ಜಾಜಿ ಎಂಬ ಹೆಣ್ಣುಮಗಳು ದೊಡ್ಡ ಮನೆತನವೊಂದಕ್ಕೆ ಸೊಸೆಯಾಗಿ ಬರುತ್ತಾಳೆ. ಮದುವೆಯ ದಿನವೇ ಮಾವ ತೀರಿಕೊಳ್ಳುತ್ತಾನೆ. ಆ ಮನೆಯ ಸೊಸೆಯಂದಿರು ಹಿಂದೆಯೂ ಒಬ್ಬರಾದ ಮೇಲೊಬ್ಬರು ಸತ್ತಿದ್ದಾರೆಂಬುದು ಮೆಲ್ಲನೆ ತಿಳಿಯುತ್ತದೆ. ಆ ಸಾವುಗಳಿಗೆಲ್ಲ ಮನೆದೈವವಾದ ಕೊಂಡಯ್ಯನ ನೆರಳು ಅಂಟಿಕೊಂಡಿದೆ. ಮನೆಗೆಲಸದವಳ ನೆರವು ಪಡೆದು ಜಾಜಿ ಗುಟ್ಟನ್ನು ಬಿಡಿಸಲು ಹೊರಡುತ್ತಾಳೆ. ಕೊನೆಗೆ ಏನಾಯಿತೆಂದು ಇಲ್ಲಿ ಹೇಳಿದರೆ ನೋಡದವರಿಗೆ ಅನ್ಯಾಯವಾದೀತು. ಈ ಬರಹದ ಆಕ್ಷೇಪ ಕೊನೆಯ ಕಂತಿನ ಮೇಲಲ್ಲ, ಅದಕ್ಕೂ ಮುಂಚಿನ ಕಂತುಗಳ ಮೇಲೆ.

ಮೊದಲು ಆ ಮದುವೆಯ ದಿನದ ಸಾವನ್ನೇ ನೋಡಬೇಕು. ಕನ್ನಡದಲ್ಲಿ ‘ಕಾಲ್ಗುಣ’ ಎಂಬೊಂದು ಮಾತಿದೆ. ನುಡಿಯಲ್ಲಿ ಎಷ್ಟು ಚಿಕ್ಕದೋ ನಡೆಯಲ್ಲಿ ಅಷ್ಟೇ ಕ್ರೂರ. ಹೊಸ್ತಿಲು ದಾಟಿ ಬಂದ ಹುಡುಗಿಯ ಪಾದದಿಂದ ಆ ಮನೆಯ ಲಾಭನಷ್ಟ, ಹುಟ್ಟುಸಾವುಗಳೆಲ್ಲ ನಿರ್ಧಾರವಾಗುತ್ತವೆಂದು ನಂಬುವ ಮಾತು ಅದು. ಹೂಮಳೆ ಹೊತ್ತಿಗೆ ಸರಿಯಾಗಿ ಬಂದರೆ ಸೊಸೆಯ ಕಾಲ್ಗುಣ ಒಳ್ಳೆಯದು. ಕರೆಯುವ ಹಸು ಸತ್ತರೆ, ಕಣದಲ್ಲಿ ಹರವಿದ ಕಾಫಿ ಅಕಾಲದ ಮಳೆಗೆ ನೆನೆದರೆ, ಹೃದಯದ ಕಾಯಿಲೆಯಿದ್ದ ಮಾವ ಆ ವರ್ಷವೇ ತೀರಿಕೊಂಡರೆ ಅದೇ ಕಾಲು ಕೆಟ್ಟದ್ದು. ಗಂಡನ ಕಾಲ್ಗುಣವನ್ನು ಯಾರೂ ಕೇಳಿದ್ದಿಲ್ಲ. ಅಳಿಯ ಬಂದ ವರ್ಷ ಹೆಣ್ಣಿನ ತವರಿನಲ್ಲಿ ಸಾವಾದರೆ ಅದನ್ನು ಅವನ ಪಾದಕ್ಕೆ ಹಚ್ಚುವವರಿಲ್ಲ. ಈ ಮಾತಿನಿಂದ ಬಾಳೆಲ್ಲ ತಲೆ ಎತ್ತದೆ ಕಳೆದ ತಾಯಂದಿರು ಎಲ್ಲ ಊರುಗಳಲ್ಲಿಯೂ ಇದ್ದಾರೆ, ಈ ಪುಟವನ್ನು ಓದುವವರ ಮನೆಗಳಲ್ಲಿಯೂ ಇದ್ದಾರು. ಇಂತಹ ಹಳೆಯ ಗಾಯವೊಂದನ್ನು ರೋಚಕ ಕಥೆಯ ಮೊದಲ ಮೆಟ್ಟಿಲಾಗಿ ಬಳಸಿಕೊಳ್ಳುವವರಿಗೆ ಅದರ ನೋವಿನ ಹೊಣೆಯೂ ಇರಬೇಕು. ಮದುವೆಮನೆಯಲ್ಲಿ ಹೆಣ ಇಟ್ಟು, ಮದುಮಗಳ ಮುಖದ ಮೇಲೆ ದೀಪ ಹಾಯಿಸಿ, ಹಿನ್ನೆಲೆಯಲ್ಲಿ ವಾದ್ಯ ಮೊಳಗಿಸಿದರೆ ಅಂಜುವವರು ಅಂಜುತ್ತಾರೆ, ನಿಜ. ಹಾಗೆ ಅಂಜಿದವರ ಮನದಲ್ಲಿ ಕಾಲ್ಗುಣದ ನಂಬಿಕೆ ಸಡಿಲವಾಯಿತೋ ಬಿಗಿಯಾಯಿತೋ?

ಎರಡನೆಯದು ಹೆಸರಿನ ಮಾತು. ಶರಣರ ನುಡಿಯಲ್ಲಿ ‘ಅಯ್ಯ’ ಎಂಬುದಕ್ಕೆ ಇರುವ ಬೆಲೆ ಭಕ್ತರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಎದುರಿಗಿರುವವನನ್ನು ಅಯ್ಯಾ ಎಂದು ಕರೆಯುವ ಸೌಜನ್ಯದಲ್ಲಿಯೇ ಸ್ವರ್ಗವನ್ನೂ, ತಿರಸ್ಕಾರದ ಕೂಗಿನಲ್ಲಿಯೇ ನರಕವನ್ನೂ ಕಂಡವರು ಬಸವಣ್ಣನವರು. ಆ ಲೆಕ್ಕದಲ್ಲಿ ಅಯ್ಯನ ಮನೆ ಎಂದರೆ ಬಂದವರಿಗೆಲ್ಲ ಗೌರವ ಸಿಗುವ ಮನೆ, ಮಹಾಮನೆ. ಇಲ್ಲಿಯ ಅಯ್ಯನ ಮನೆಯಲ್ಲಿ ಬಂದ ಹೆಣ್ಣುಮಕ್ಕಳಿಗೆ ಸಿಗುವುದು ಸಾವು. ಹೆಸರಿಡುವ ಹಕ್ಕು ಕಥೆಗಾರನದು, ಅದರ ಮೇಲೆ ತಕರಾರಿಲ್ಲ. ಆದರೆ ಆ ಹೆಸರಿನ ಹಿಂದೆ ಎಂಟುನೂರು ವರ್ಷಗಳಿಗೂ ಮಿಗಿಲಾದ ಅರ್ಥವೊಂದಿದೆಯೆಂಬುದನ್ನು ನೆನಪಿಸಬೇಕಾದವರು ನೆನಪಿಸಲೇಬೇಕು.

ಕಾಡಿ ಬೇಡುವ ದೈವಗಳ ವಿಷಯದಲ್ಲಿ ವಚನಕಾರರದು ಖಂಡತುಂಡ ಮಾತು. ಹೆದರಿಸಿ ಪೂಜೆ ಪಡೆಯುವುದು ದೇವರಾಗಲಾರದು. ಹೆದರಿ ಸಲ್ಲಿಸಿದ್ದು ಭಕ್ತಿಯಾಗಲಾರದು. ಬಸವಣ್ಣನವರು ಶುಭಲಗ್ನ, ತಾರಾಬಲಗಳ ಹಂಗನ್ನು ಹರಿದರು. ಶರಣಧರ್ಮ ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ತಳ್ಳಿಹಾಕಿತು. ಅಂಬಿಗರ ಚೌಡಯ್ಯನವರಂತೂ ಇಂತಹ ವಿಷಯಗಳಲ್ಲಿ ಸೌಮ್ಯವಾಗಿ ಮಾತನಾಡಿದವರೇ ಅಲ್ಲ. ಇಷ್ಟಲಿಂಗವೆಂಬುದು ಅಂಗೈಗೆ ಬಂದದ್ದೇ ಮರದಲ್ಲಿ, ಮೂಲೆಯಲ್ಲಿ, ಹಾಳುಗುಡಿಯಲ್ಲಿ ಕುಳಿತು ಕಾಡುವುದೆಂಬ ಭಯದಿಂದ ಮನುಷ್ಯನನ್ನು ಬಿಡಿಸಲಿಕ್ಕೆ.

ಇಷ್ಟನ್ನೂ ಹೇಳಿ, ತಪ್ಪೆಲ್ಲ ಕಿರುತೆರೆಯವರದೆಂದು ಕೈತೊಳೆದುಕೊಂಡರೆ ಅದು ಆತ್ಮವಂಚನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಧರಿಸಿದ ಮನೆಗಳವರೇ ಮಗಳಿಗೆ ಮಕ್ಕಳಾಗದಿದ್ದರೆ ಕವಡೆ ಹಾಕಿಸುತ್ತಾರೆ, ತೋಟದಲ್ಲಿ ಫಸಲು ಕೈಕೊಟ್ಟರೆ ಅಂಜನ ನೋಡಿಸುತ್ತಾರೆ, ಮನೆದೈವ ಮುನಿದಿದೆಯೆಂದು ಯಾರೋ ಹೇಳಿದ ಮಾತಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಬೆಳಿಗ್ಗೆ ಲಿಂಗಪೂಜೆ, ಸಂಜೆ ತಡೆ ಒಡೆಸುವುದು! ಸರಣಿ ಮಾಡುವವರು ಭಯವನ್ನು ಹೊರದೇಶದಿಂದ ತರಲಿಲ್ಲ. ಜನರ ಅಂಗಳದಲ್ಲಿ ಬಿದ್ದಿದ್ದನ್ನೇ ಹೆಕ್ಕಿ, ತೊಳೆದು, ಬಣ್ಣ ಹಚ್ಚಿ ಮರಳಿ ಮಾರಿದರು. ಕೊಳ್ಳುವವರಿರುವತನಕ ಮಾರುವವರಿರುತ್ತಾರೆ. 2016ರಲ್ಲಿ ಆರಂಭವಾದ ‘ನಾಗಿನಿ’ ಧಾರಾವಾಹಿಗೆ ಹಾವು ಹೆಣ್ಣಾಗುವುದನ್ನು ನೋಡಲು ಜನ ಕಾದು ಕುಳಿತದ್ದನ್ನು ಮರೆತವರುಂಟೆ? 2022ರ ‘ಕಾಂತಾರ’ದ ನಂತರವಂತೂ ದೈವವೆಂಬುದು ಪೇಟೆಯಲ್ಲಿ ಹೆಚ್ಚು ಬೆಲೆಬಾಳುವ ಸರಕಾಯಿತು. ಆದರೂ ಒಂದು ವ್ಯತ್ಯಾಸವನ್ನು ಹೇಳಬೇಕು. ಆ ಚಿತ್ರದ ದೈವ ನೆಲ ಕಳೆದುಕೊಳ್ಳುವವರ ಪರವಾಗಿ ನಿಲ್ಲುತ್ತದೆ. ಇಲ್ಲಿಯ ದೈವದ ಹೆಸರಿಗೆ ಅಂಟುವುದು ಸೊಸೆಯಂದಿರ ಹೆಣಗಳು.

ಇನ್ನು ಮುಖ್ಯ ಮಾತು. ಒಂದೇ ಮನೆಯಲ್ಲಿ ಸೊಸೆಯಂದಿರು ಸಾಲಾಗಿ ಸಾಯುತ್ತಾರೆ. ಕಾಲ 1990ರ ದಶಕ. ಆ ಕಾಲದಲ್ಲಿ ಈ ನಾಡಿನಲ್ಲಿ ಸೊಸೆಯ ಸಾವಿಗೆ ಹೆಸರಿರಲಿಲ್ಲವೆ? 1961ರಲ್ಲಿಯೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದಿತ್ತು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಂ 1983ರಲ್ಲಿ ಸೇರಿತು. 1986ರಲ್ಲಿ ‘ವರದಕ್ಷಿಣೆ ಸಾವು’ ಎಂಬುದೇ ಬೇರೆ ಅಪರಾಧವಾಗಿ 304ಬಿ ಕಲಂ ಬಂದಿತು. ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ಅವಳನ್ನು ವರದಕ್ಷಿಣೆಗಾಗಿ ಪೀಡಿಸಿದ್ದು ಕಂಡುಬಂದರೆ ಆ ಸಾವಿಗೆ ಗಂಡನ ಮನೆಯವರೇ ಕಾರಣರೆಂದು ನ್ಯಾಯಾಲಯ ಭಾವಿಸಬೇಕೆಂದು ಶಾಸನ ಹೇಳಿತು. ಹಾಗೆ ಸತ್ತವಳ ಶವಪಂಚನಾಮೆಗೆ ಪೊಲೀಸರಷ್ಟೇ ಸಾಲದೆಂದು, ದಂಡಾಧಿಕಾರಿಯಾಗಿ ತಹಶೀಲ್ದಾರರು ಬರುವ ವ್ಯವಸ್ಥೆ ಉಂಟಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ ಅಪರಾಧಗಳು 80 ಮತ್ತು 85ನೆಯ ಕಲಂಗಳಾಗಿ ಮುಂದುವರಿದಿವೆ. ಇಷ್ಟೆಲ್ಲ ಇದ್ದೂ 2022ನೇ ಇಸವಿಯೊಂದರಲ್ಲಿಯೇ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6,000ಕ್ಕೂ ಹೆಚ್ಚು. ಅಡುಗೆಮನೆಯ ಸ್ಟೌವ್, ಹಿತ್ತಿಲ ಬಾವಿ, ಅಟ್ಟದ ತೊಲೆ, ತೋಟಕ್ಕೆಂದು ತಂದಿಟ್ಟ ಔಷಧಿಯ ಡಬ್ಬ — ಸೊಸೆಯಂದಿರನ್ನು ಕೊಂದ ದೈವಗಳು ಇವು.

ಇವುಗಳ ಹಿಂದಿದ್ದ ಕೈಗಳನ್ನು ಮರೆಸಲು ನೆರೆಹೊರೆಗೆ ಯಾವಾಗಲೂ ಒಂದು ಕಥೆ ಬೇಕಾಗುತ್ತಿತ್ತು. ಅವಳಿಗೆ ಹೊಟ್ಟೆನೋವು, ಅವಳಿಗೆ ಗಾಳಿ ಸೋಕಿತ್ತು, ಆ ಮನೆಗೆ ಶಾಪವಿದೆ, ಅಲ್ಲಿ ಹೆಣ್ಣು ಬಾಳುವುದಿಲ್ಲ. ಶಾಪವೆಂದ ಕೂಡಲೇ ಪೊಲೀಸ್ ಠಾಣೆಯ ದಾರಿ ಮುಚ್ಚುತ್ತದೆ, ತವರಿನವರ ಬಾಯಿ ಕಟ್ಟುತ್ತದೆ, ಮರುವರ್ಷ ಅದೇ ಮನೆಗೆ ಇನ್ನೊಬ್ಬಳನ್ನು ತರುವುದಕ್ಕೆ ಶಾಂತಿಯೊಂದನ್ನು ಮಾಡಿಸಿದರೆ ಸಾಕಾಗುತ್ತದೆ. ಈ ಸುಳ್ಳಿನ ಕಥೆ ಎಷ್ಟು ಹೆಣ್ಣುಗಳ ಸಾವನ್ನು ನುಂಗಿತೆಂದು ಲೆಕ್ಕವಿಟ್ಟವರಿಲ್ಲ. ‘ಅಯ್ಯನ ಮನೆ’ಯ ಕಂತುಗಳಲ್ಲಿ ನೋಡುವವರನ್ನು ಹಿಡಿದು ಕೂರಿಸುವುದು ಆ ಕಥೆಯೇ. ಕೊಂಡಯ್ಯನೇ ಇರಬಹುದೆ ಎಂಬ ಸಂದೇಹವನ್ನು ಊದಿ ಊದಿ ಉರಿಸಿದ್ದರಿಂದಲೇ ಸರಣಿ ನಡೆಯುತ್ತದೆ.

ಇದಕ್ಕೆ ಬರುವ ಉತ್ತರ ಗೊತ್ತಿರುವಂಥದೇ: “ಇದು ಬರೀ ಕಥೆ. ಮೇಲಾಗಿ ನಾಯಕಿ ಶಾಪವನ್ನು ನಂಬಿ ಕೂರುವುದಿಲ್ಲ, ಪ್ರಶ್ನೆ ಕೇಳುತ್ತಾಳೆ.” ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಖುಷಿ ರವಿ ಅವರು ಅಭಿನಯಿಸಿದ ಜಾಜಿ ಅಳುತ್ತ ಮೂಲೆ ಸೇರುವ ಸೊಸೆಯಲ್ಲ. ದೊಡ್ಡವರು ಬೇಡವೆಂದ ಬಾಗಿಲನ್ನು ತೆರೆಯುವವಳು. ದಿನನಿತ್ಯದ ಧಾರಾವಾಹಿಗಳ ಕಣ್ಣೀರಿನ ಗೊಂಬೆಗಳಿಗಿಂತ ಅವಳು ಎಷ್ಟೋ ಮೇಲು. ಮನೆಯೊಡತಿಯೂ ಕೆಲಸದವಳೂ ಜೊತೆಯಾಗಿ ನಿಜವನ್ನು ಹುಡುಕುವುದು ಸರಣಿಯ ಒಳ್ಳೆಯ ಭಾಗ. ಆದರೂ ನೋಡುಗನು ಹಣ ಮತ್ತು ಸಮಯ ಕೊಟ್ಟು ಸವಿಯುವುದು ಉತ್ತರವನ್ನಲ್ಲ, ಭಯವನ್ನು. ಗಂಟೆಗಟ್ಟಲೆ ಕುಡಿಸಿದ ವಿಷಕ್ಕೆ ಕೊನೆಯಲ್ಲಿ ಒಂದು ಚಮಚ ಮದ್ದು ಕೊಟ್ಟರೆ ಲೆಕ್ಕ ಸರಿಹೋಗದು. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರಗಳನ್ನು ತಡೆಯುವ 2017ರ ಶಾಸನ ಕರ್ನಾಟಕದಲ್ಲಿ 2020ರಲ್ಲಿ ಜಾರಿಗೆ ಬಂದಿತು. ಅದಕ್ಕಾಗಿ ನಿಡುಮಾಮಿಡಿ ಮಠದ ಶ್ರೀಗಳಂಥವರು ಬಹಿರಂಗವಾಗಿ ಒತ್ತಾಯಿಸಿದ್ದರು. ಹಾಗೆಂದು ಸರಣಿಗಳನ್ನು ನಿಷೇಧಿಸಬೇಕೆಂಬುದು ಇಲ್ಲಿಯ ವಾದವಲ್ಲ. ವಾದಕ್ಕೆ ವಾದದಿಂದಲೇ ಉತ್ತರಿಸಿದವರು ಶರಣರು.

ಇನ್ನೊಂದು ಪುಟ್ಟ ಅಸಮಾಧಾನ. ಬೆಂಗಳೂರಿನ ಕಥೆಗಾರರಿಗೆ ಈಚೆಗೆ ಮಲೆನಾಡೆಂದರೆ ಮಂಜು, ಕತ್ತಲು, ತೊಟ್ಟಿಮನೆ, ದೈವ. ಇಷ್ಟಿದ್ದರೆ ಮಲೆನಾಡು ಮುಗಿಯಿತು. 1990ರ ದಶಕದ ಈ ಸೀಮೆಯಲ್ಲಿ ಹೇಳಬೇಕಾದ ಕಥೆಗಳಿಗೆ ಬರವಿತ್ತೆ? ಕಾಫಿ ಮಂಡಳಿಗೇ ಕಾಫಿ ಒಪ್ಪಿಸಬೇಕೆಂಬ ಕಟ್ಟು 1992ರಿಂದ 1996ರೊಳಗೆ ಹಂತಹಂತವಾಗಿ ಸಡಿಲಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಇಲ್ಲಿಯ ಬೆಲೆ ಏರಿತು. ಬೆಳೆಗಾರರ ಮನೆಗಳಿಗೆ ಒಮ್ಮೆಲೇ ಹಣ ಬಂದಿತು. ಬೆಲೆ ಏರಿದ ವರ್ಷ ಮದುವೆಯ ಚಪ್ಪರವೂ ಅದರ ಒಳಗಿನ ವ್ಯವಹಾರವೂ ದೊಡ್ಡದಾಗುವುದು ತೋಟದ ಸೀಮೆಯವರಿಗೆ ಗೊತ್ತಿದ್ದದ್ದೇ. 2000ದ ಹೊತ್ತಿಗೆ ಬೆಲೆ ಕುಸಿದು ಅದೇ ಮನೆಗಳು ಸಾಲದಲ್ಲಿ ಮುಳುಗಿದವು. ಸೊಸೆಯ ಸಾವಿನ ಗುಟ್ಟನ್ನು ಹುಡುಕುವವರು ಮನೆದೈವದ ಗುಡಿಗಿಂತ ಮೊದಲು ಆ ಮನೆಯ ಲೆಕ್ಕದ ಪುಸ್ತಕವನ್ನು ತೆರೆಯಬೇಕಿತ್ತು.

ಹಾಗೆ ತೆರೆದವರು ಇದ್ದರು, ಅದೂ ಮೂಡಿಗೆರೆಯಲ್ಲಿಯೇ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ 1985ರ ಕಾದಂಬರಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದು. ಅಲ್ಲಿಯೂ ಗುಟ್ಟಿದೆ, ಅನುಮಾನಾಸ್ಪದ ಸಾವಿದೆ, ವಿಚಾರಣೆಗೆ ಬರುವ ಅಧಿಕಾರಿಯಿದ್ದಾನೆ. ಆದರೆ ಆ ರಹಸ್ಯ ಏಲಕ್ಕಿಯ ಇಳುವರಿಗೆ, ಕಾಡಿಗೆ, ಊರಿನ ಜಾತಿದ್ವೇಷಕ್ಕೆ, ಮನುಷ್ಯರ ಲೋಭಕ್ಕೆ ಬೇರು ಬಿಟ್ಟಿದೆ. 1994ರ ‘ಜುಗಾರಿ ಕ್ರಾಸ್’ ಓದುವವರು ರಾತ್ರಿಯೆಲ್ಲ ಪುಸ್ತಕ ಕೆಳಗಿಡುವುದಿಲ್ಲ. ಅಲ್ಲಿ ಅಂಜಿಸುವುದಕ್ಕೆ ದೈವ ಬೇಕಾಗಲೇ ಇಲ್ಲ. ತೇಜಸ್ವಿಯವರು ವಚನಗಳನ್ನು ಮುಂದಿಟ್ಟುಕೊಂಡು ಬರೆದವರಲ್ಲ. ಆದರೂ ಕಣ್ಣಿಗೆ ಕಾಣುವುದನ್ನು ಬಿಟ್ಟು ಕಾಣದ್ದಕ್ಕೆ ದೂರು ಹೊರಿಸಬಾರದೆಂಬ ಶಿಸ್ತಿನಲ್ಲಿ ಅವರು ಶರಣರಿಗೆ ದೂರದವರೂ ಅಲ್ಲ.

ಗಂಡನ ಮನೆಯ ಬಂಧುಬಳಗವನ್ನೆಲ್ಲ ಮಾಯೆಯ ಹಿಡಿತದ ರೂಪಕವಾಗಿಸಿದ ಅಕ್ಕಮಹಾದೇವಿಯ ವಚನವೊಂದನ್ನು ಭಕ್ತರು ಬಲ್ಲರು. ಚಿಕ್ಕಮಗಳೂರಿನ ನೆರೆಜಿಲ್ಲೆಯ ಉಡುತಡಿಯ ಆ ತಾಯಿ ಕೌಶಿಕನ ಅರಮನೆಯೊಳಗೆ ಹೋದದ್ದೂ, ಅವನು ಕೊಟ್ಟ ಮಾತಿಗೆ ತಪ್ಪಿದಾಗ ಅಲ್ಲಿಂದ ಹೊರನಡೆದದ್ದೂ ಹರಿಹರನ ರಗಳೆಯಲ್ಲಿದೆ. ಆಕೆಯನ್ನು ಯಾವ ಮನೆದೈವವೂ ತಡೆಯಲಿಲ್ಲ. ಆಯ್ದಕ್ಕಿ ಲಕ್ಕಮ್ಮನವರು ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೊಸ್ತಿಲಲ್ಲಿಯೇ ನಿಲ್ಲಿಸಿ ಕೇಳಿದರು. ಮಾರಯ್ಯನವರು ಅಕ್ಕಿಯನ್ನು ಮರಳಿ ಸುರಿದು ಬಂದರು. ಸೊಸೆಯಾಗಿ ಬಂದವಳು ಮನೆಯ ಲೆಕ್ಕವನ್ನು ಕೇಳಬಹುದು, ಕೇಳಿದವಳಿಗೆ ಉತ್ತರ ಕೊಡಬೇಕು ಎಂಬ ರೂಢಿ ಹನ್ನೆರಡನೆಯ ಶತಮಾನದ ಆ ಗುಡಿಸಲಿನಲ್ಲಿತ್ತು. ಈ ಸಲದ ಮದುವೆಯ ಕಾಲದಲ್ಲಿ ಮಗಳನ್ನು ಕೊಡುವ, ಸೊಸೆಯನ್ನು ತರುವ ಭಕ್ತರು ಮೂಡಿಗೆರೆ, ಕಳಸಗಳ ತೋಟದ ಮನೆಗಳಲ್ಲಿ ಅನೇಕರಿದ್ದಾರೆ. ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರನ್ನು ಇಡುವಾಗ ಅವರ ಬಾಯಲ್ಲಿ ಕಾಲ್ಗುಣವೆಂಬ ಮಾತು ಬಾರದಿರಲಿ; ಬಂದರೆ ಅಲ್ಲಿದ್ದ ಹಿರಿಯರೊಬ್ಬರು ಅದನ್ನು ಅಲ್ಲಿಯೇ ತಡೆಯಲಿ.